ಕಲ್ಲಿಗೆ ದಪ್ಪ, ಬಿಸಿಗೆ ತೆಳು: ಡಂಪರ್ ಟೈರಿನ ಹಳೇ ತಕರಾರು

ಗಣಿಗಳಲ್ಲಿ ಕಲ್ಲುಮಣ್ಣು ಸಾಗಿಸುವ ಡಂಪರಿನ ಟೈರ್ ಅವಧಿಗೆ ಮುಂಚೆ ಹಾಳಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಹೊರಗಿನಿಂದ ಕಲ್ಲು ಕೊಯ್ಯುತ್ತದೆ, ಒಳಗಿನಿಂದ ಬಿಸಿ ಬೇಯಿಸುತ್ತದೆ. ಕಲ್ಲಿಗೆ ಮದ್ದು ದಪ್ಪ ರಬ್ಬರ್. ಆದರೆ ರಬ್ಬರ್ ಶಾಖವನ್ನು ಸುಲಭಕ್ಕೆ ಹೊರಬಿಡುವುದಿಲ್ಲ, ದಪ್ಪವಾದಷ್ಟೂ ಬಿಸಿ ಒಳಗೇ ಉಳಿಯುತ್ತದೆ.

1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ರಬ್ಬರ್ ಗಟ್ಟಿ ಮಾಡಿದರು, 1888ರಲ್ಲಿ ಡನ್‌ಲಪ್ ಅವರ ಗಾಳಿ ಟೈರ್ ಬಂತು, ಆಮೇಲೆ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿ ಸೇರಿ ಸವೆತ ತಗ್ಗಿತು. 1930ರ ದಶಕದಲ್ಲಿ ಅಮೆರಿಕದ ಆರ್.ಜಿ. ಲೆಟರ್ನೋ ಮಣ್ಣು ಸಾಗಿಸುವ ಸ್ಕ್ರೇಪರ್‌ಗಳಿಗೆ ಗಾಳಿ ಟೈರ್ ಹಾಕಿದ ಮೇಲೆ ಕೆಲಸದ ವೇಗವೂ ಹೊರೆಯೂ ಏರಿದವು. ತಕರಾರು ಜೋರಾದದ್ದು ಆಗಲೇ.

ಆಗಿನದು ಬಯಾಸ್ ಟೈರ್: ದಾರದ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಹಾಯ್ದಿರುತ್ತವೆ. ಹೊರೆ ಹೆಚ್ಚಿದರೆ ಪದರ ಹೆಚ್ಚಿಸುತ್ತಿದ್ದರು. ಚಕ್ರ ಉರುಳುವಾಗ ಪದರಗಳು ಒಂದಕ್ಕೊಂದು ಎಳೆದಾಡಿ ಕಾಯುತ್ತವೆ, ಹಾಗಾಗಿ ಪದರ ಹೆಚ್ಚಿದಷ್ಟೂ ಬಿಸಿ. 1946ರಲ್ಲಿ ಮಿಶೆಲಿನ್ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು, 1959ರಲ್ಲಿ ಅದು ಮಣ್ಣು ಸಾಗಿಸುವ ಯಂತ್ರಗಳಿಗೂ ಬಂತು. ಇದರಲ್ಲಿ ಒಂದು ಬೀಡ್‌ನಿಂದ (ರಿಮ್ಮಿಗೆ ಕೂರುವ ಅಂಚು) ಇನ್ನೊಂದಕ್ಕೆ ನೇರ ಹಾಯುವ ಒಂದೇ ಪದರ ಉಕ್ಕಿನ ತಂತಿ, ನೆಲಕ್ಕೆ ತಾಗುವ ಟ್ರೆಡ್ ಕೆಳಗೆ ಉಕ್ಕಿನ ಬೆಲ್ಟುಗಳು. ಬಿಸಿ ಇಳಿಯಿತು, ಸವೆತವೂ ಇಳಿಯಿತು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಮಾತ್ರ ತೆಳುವಾಯಿತು. ಪಕ್ಕಕ್ಕೆ ಚೂಪು ಬಂಡೆ ತಾಗುವ, ನಿಧಾನವಾಗಿ ಓಡುವ ಕಡೆ ಬಯಾಸ್ ಇಂದಿಗೂ ಉಳಿದಿರುವುದು ಇದಕ್ಕೇ.

ನಂತರ ಯಂತ್ರಗಳು ಬೆಳೆಯುತ್ತಲೇ ಹೋದವು. 59/80ಆರ್63 ಅಳತೆಯ ಟೈರ್ ಸುಮಾರು 4 ಮೀಟರ್ ಎತ್ತರ, 5 ಟನ್ನಿಗೂ ಹೆಚ್ಚು ತೂಕ. ಟೈರ್ ಸುಧಾರಿಸಿ ಉಳಿಸಿಕೊಟ್ಟ ಬಾಳಿಕೆಯನ್ನು ಹೊರೆಯೇ ನುಂಗಿತು ಎನ್ನದೆ ವಿಧಿಯಿಲ್ಲ.

ಈಗ ಖರೀದಿಯ ಗೊಂದಲ. ಟ್ರೆಡ್ ಆಳಕ್ಕೆ ಸಂಕೇತಗಳಿವೆ: ಡಂಪರಿನ ಇ-3 ಸಾಮಾನ್ಯ ಆಳ, ಇ-4 ಅದರ ಒಂದೂವರೆ ಪಟ್ಟು, ಲೋಡರಿನ ಎಲ್-5 ಎರಡೂವರೆ ಪಟ್ಟು. ಒಂದೇ ಅಳತೆ, ಒಂದೇ ವಿನ್ಯಾಸದಲ್ಲೂ ಕೊಯ್ತ ತಡೆಯುವ ರಬ್ಬರ್ ಬೇರೆ, ಬಿಸಿ ತಡೆಯುವುದು ಬೇರೆ. ಆಳ ನೋಡಿ ಕೊಂಡರೆ ಸಾಲದು, ಟಿಕೆಪಿಎಚ್ ನೋಡಬೇಕು: ಗಂಟೆಗೆ ಟನ್-ಕಿಲೋಮೀಟರ್, ಅಂದರೆ ಬಿಸಿಗೆ ಕೆಡದೆ ಟೈರ್ ತಾಳಬಲ್ಲ ಕೆಲಸದ ಅಳತೆ. ಡಂಪರ್ ಖಾಲಿ ಇದ್ದಾಗ ಒಂದು ಟೈರಿನ ಮೇಲೆ 20 ಟನ್, ತುಂಬಿದಾಗ 40 ಟನ್ ಎಂದರೆ ಸರಾಸರಿ 30. ಇದನ್ನು ಇಡೀ ಪಾಳಿಯ ಸರಾಸರಿ ವೇಗದಿಂದ ಗುಣಿಸಿ. ಗಂಟೆಗೆ 18 ಕಿ.ಮೀ. ಆದರೆ 540. ಟೈರಿನ ಮಿತಿ 600 ಇದ್ದರೆ ಸರಿ. ಆ ಮಿತಿ 38 ಡಿಗ್ರಿ ಸೆಲ್ಸಿಯಸ್ ಹವೆಗೆ ಲೆಕ್ಕ ಹಾಕಿದ್ದು, ಅದಕ್ಕಿಂತ ಸೆಕೆ ಇದ್ದರೆ ಇಳಿಸಿಕೊಳ್ಳಬೇಕು.

ಮಿತಿ ಮೀರಿದರೆ ಮೊದಲು ಕೆಡುವುದು ಬೆಲ್ಟಿನ ಅಂಚು. ಟ್ರೆಡ್ ಮುಗಿಯುವ ಭುಜದಲ್ಲಿ ಉಬ್ಬು ಕಾಣುತ್ತದೆ. ಕೊಯ್ದು ನೋಡಿದರೆ ಒಳಗಿನ ರಬ್ಬರ್ ಸ್ಪಂಜಿನಂತೆ ತೂತುತೂತಾಗಿರುತ್ತದೆ. ಗಾಳಿ ಕಡಿಮೆಯಿದ್ದರೂ ಇದೇ ಗತಿ, ಯಾಕೆಂದರೆ ಸೈಡ್‌ವಾಲ್ ಹೆಚ್ಚು ಮಡಚಿ ಕಾಯುತ್ತದೆ. ಒತ್ತಡವನ್ನು ಟೈರ್ ತಣ್ಣಗಿರುವಾಗ ಅಳೆಯಬೇಕು. ಓಡಿ ಬಂದ ಟೈರಿನಲ್ಲಿ ಅಂಕಿ ಏರಿದೆಯೆಂದು ಗಾಳಿ ಬಿಟ್ಟರೆ ತಣಿದ ಮೇಲೆ ಕಡಿಮೆ ಬೀಳುತ್ತದೆ. ಕೊಯ್ತವನ್ನೂ ಹಾಗೇ ಬಿಡುವಂತಿಲ್ಲ, ನೀರು ಉಕ್ಕಿನ ತಂತಿಗೆ ಇಳಿದರೆ ತುಕ್ಕು ಹಿಡಿದು ರಬ್ಬರ್ ಬಿಟ್ಟುಕೊಳ್ಳುತ್ತದೆ.

ದೂರು ಬಂದಾಗ ಟೈರಿನ ಗುಣಮಟ್ಟವನ್ನು ಬಯ್ಯುವುದೇ ಹೆಚ್ಚು, ದಾರಿಯ ಲೆಕ್ಕ ತೆಗೆಯುವುದು ಅಪರೂಪ. ಅಗೆತ ಮುಂದೆ ಸರಿದಂತೆ ಸಾಗಣೆ ದಾರಿ ಉದ್ದವಾಗುತ್ತದೆ. ತುಂಬಿಸಲು, ಸುರಿಯಲು ನಿಲ್ಲುವ ಹೊತ್ತಿನ ಪಾಲು ಕಡಿಮೆಯಾಗಿ ಪಾಳಿಯ ಸರಾಸರಿ ವೇಗ 18ರಿಂದ 22ಕ್ಕೆ ಏರಿತೆನ್ನಿ. ಟೈರ್ ಅದೇ, ಹೊರೆ ಅದೇ, ಚಾಲಕ ಹಿಂದಿಗಿಂತ ಜೋರಾಗಿ ಓಡಿಸಿಲ್ಲ. ಲೆಕ್ಕ ಮಾತ್ರ 660 ಮುಟ್ಟಿರುತ್ತದೆ.