ಕಾಫಿ ಸಿಪ್ಪೆಯ ಪ್ಲಾಸ್ಟಿಕ್ ಮಲೆನಾಡಿನ ಮಳೆಗೆ ತಡೆಯುತ್ತಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಕಾಫಿ ಸಿಪ್ಪೆಯಿಂದ ಪ್ಲಾಸ್ಟಿಕ್ ಮಾಡಬಹುದಂತೆ, ಅದರಲ್ಲಿಟ್ಟ ಪದಾರ್ಥ ಬೇಗ ಕೆಡುವುದಿಲ್ಲವಂತೆ. ನಿಜವಾ?

ಉತ್ತರ: ನಿಜ. ಆದರೆ ಬರೀ ಸಿಪ್ಪೆಯಿಂದ ಆಗುವ ಕೆಲಸವಲ್ಲ, ಜೊತೆಗೆ ಹಿಡಿದಿಡುವ ಅಂಟು ಬೇಕು. ಹಾಸನದವರು ಅದಕ್ಕೆ ದೂರ ಹೋಗಬೇಕಾಗಿಲ್ಲ, ಆಲೂಗಡ್ಡೆ ಇದೆಯಲ್ಲ! ಮಾರುಕಟ್ಟೆಯಲ್ಲಿ ಯಾರೂ ಕೇಳದ ಗೋಲಿ ಗಾತ್ರದ ಗಡ್ಡೆಯಲ್ಲೂ ಪಿಷ್ಟ ಇರುತ್ತದೆ, ಅದೇ ಈ ಅಂಟು.

ಗಡ್ಡೆ ತುರಿದು, ನೀರಲ್ಲಿ ಕಿವುಚಿ, ಸೋಸಿ ಇಟ್ಟರೆ ತಳದಲ್ಲಿ ಬಿಳಿ ಹಿಟ್ಟಾಗಿ ಪಿಷ್ಟ ಕೂರುತ್ತದೆ. ಅದಕ್ಕೆ ನೀರು, ಸ್ವಲ್ಪ ಗ್ಲಿಸರಿನ್ ಸೇರಿಸಿ ಕಾಯಿಸಿ. ಶಾಖ 60-70 ಡಿಗ್ರಿ ಮುಟ್ಟಿದಾಗ ಗಟ್ಟಿಯಾಗತೊಡಗುತ್ತದೆ. ತಟ್ಟೆಗೆ ತೆಳ್ಳಗೆ ಹರಡಿ ಒಣಗಿಸಿದರೆ ಹಾಳೆಯಾಗಿ ಎದ್ದು ಬರುತ್ತದೆ. ಗ್ಲಿಸರಿನ್ ಹಾಕದಿದ್ದರೆ ಹಪ್ಪಳದ ಹಾಗೆ ಮುರಿಯುತ್ತದೆ.

ಸಿಪ್ಪೆಯ ಪಾತ್ರ ಎರಡು. ಅದರ ನಾರನ್ನು ನುಣ್ಣಗೆ ಮಾಡಿ ಬೆರೆಸಿದರೆ ಹಾಳೆಗೆ ಗಟ್ಟಿತನ ಬರುತ್ತದೆ. ಅದರಲ್ಲಿರುವ ಸಸ್ಯಸಹಜ ರಾಸಾಯನಿಕಗಳಾದ ಪಾಲಿಫಿನಾಲ್‌ಗಳು ಎಣ್ಣೆ ಪದಾರ್ಥ ಬೇಗ ಕಮಟಾಗದಂತೆ ತಡೆಯುತ್ತವೆ. ಪಿಷ್ಟದ ಹಾಳೆಯೂ ಒಣಗಿದ್ದಾಗ ಎಣ್ಣೆಯನ್ನು ಕಮಟಾಗಿಸುವ ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ, ಇದರಲ್ಲಿ ಮಾಮೂಲಿ ಪಾಲಿಥೀನ್‌ಗಿಂತ ಮೇಲು. ಚಿಪ್ಸ್, ಹುರಿದ ಕಡ್ಲೆಕಾಯಿಗೆ ಸರಿಯಾದ ಜೋಡಿ ಅಲ್ವಾ?

ತೊಂದರೆ ಇರುವುದು ನೀರಿನಲ್ಲಿ. ಜುಲೈನಲ್ಲಿ ನಿಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಈ ಹಾಳೆ! ತೇವ ಹೀರಿ ಮೆತ್ತಗಾಗುತ್ತದೆ, ಆಮ್ಲಜನಕ ತಡೆಯುವ ಶಕ್ತಿಯೂ ಹೋಗುತ್ತದೆ. ತರಕಾರಿಯಂತೂ ಕಿತ್ತ ಮೇಲೂ ಉಸಿರಾಡಿ ನೀರು ಬಿಡುತ್ತದೆ. ಹಾಗಾಗಿ ಬರೀ ಪಿಷ್ಟದ ಚೀಲದಲ್ಲಿ ಟೊಮೆಟೊ ಇಡುವ ಆಸೆ ಬಿಡಿ. ಮೇಣದ ಲೇಪ ಕೊಡಬಹುದು, ಇಲ್ಲವೇ ಪಿಎಲ್‌ಎ ಬೆರೆಸಬಹುದು. ಪಿಎಲ್‌ಎ ಅಂದರೆ ಪಿಷ್ಟವನ್ನು ಸಕ್ಕರೆ ಮಾಡಿ, ಬ್ಯಾಕ್ಟೀರಿಯಾ ಹುದುಗಿಸಿದ ಲ್ಯಾಕ್ಟಿಕ್ ಆಮ್ಲದಿಂದ ತಯಾರಿಸುವ ಪ್ಲಾಸ್ಟಿಕ್. ಅದು ಬೇಗ ಕೊಳೆಯಲು ಸುಮಾರು 58 ಡಿಗ್ರಿ ಶಾಖ ಹಲವು ವಾರ ಸತತವಾಗಿ ಬೇಕು. ಮನೆಯ ತಿಪ್ಪೆಗೆ ಎಸೆದು ಸುಮ್ನೆ ಗೊಬ್ಬರ ಆಗುತ್ತೆ ಅಂದುಕೊಳ್ಳಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಕಾಫಿ ಹಣ್ಣು ಸುಲಿಯುವ ಯಂತ್ರವಾದ ಪಲ್ಪರ್‌ನಿಂದ ಬಂದ ಹಸಿ ಸಿಪ್ಪೆಯನ್ನು ರಾಶಿ ಹಾಕಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಕಾಫಿ ಸಿಪ್ಪೆಯಲ್ಲಿ ಬೂಷ್ಟಿನಿಂದ ಓಕ್ರಟಾಕ್ಸಿನ್ ಎಂಬ ವಿಷ ಬರುವುದುಂಟು. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದ ತೋಟವಾದರೆ ತಾಮ್ರದ ಅಂಶವೂ ಇರಬಹುದು. ಆಹಾರಕ್ಕೆ ತಾಗುವ ಹಾಳೆಯಿಂದ ಆಹಾರದೊಳಕ್ಕೆ ಏನೇನು ಇಳಿಯುತ್ತದೆ ಎಂದು ಪರೀಕ್ಷೆ ಆಗಲೇಬೇಕು. ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆಯಾದ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕೇಜಿಂಗ್‌ಗೆಂದೇ ಒಂದು ವಿಭಾಗ ಇದೆ. ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಒಣಗಿಸಿದ ಸಿಪ್ಪೆ ಹಿಡಿದುಕೊಂಡು ಅಲ್ಲಿಗೆ ಹೋಗಿ ವಿಚಾರಿಸಿ.