ಒಂದೇ ಚೀಲದಲ್ಲಿ ಎರಡು ಹುಳ

“ಅಕ್ಕಿಗೆ ಹುಳ ಬಿದ್ದಿದೆ, ಏನ್ಮಾಡೋದು ಸಾರ್?” ಎಂದು ಫೋನ್ ಮಾಡುವವರನ್ನು ನಾನು ಮೊದಲು ಕೇಳುವುದು, ಯಾವ ಹುಳ ಎಂದು. ಮುಂದೆ ಸೊಂಡಿಲಿನಂತೆ ಮೂತಿ ಚಾಚಿದ ಕಪ್ಪು ಹುಳವೋ, ಮೂತಿಯೇ ಇಲ್ಲದ ಚಪ್ಪಟೆ ಕೆಂಪು ಹುಳವೋ? “ಎರಡೂ ಇವೆ” ಎಂದರೆ, ಚೀಲಕ್ಕೆ ಹುಳ ಬಿದ್ದು ಬಹಳ ದಿನವಾಗಿರಬೇಕು ಎಂದು ಲೆಕ್ಕ ಹಾಕುತ್ತೇನೆ.

ಮೂತಿ ಹುಳದ ಹೆಣ್ಣು ಇಡೀ ಕಾಳಿಗೆ ಸಣ್ಣ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಮೇಲೆ ಅಂಟಿನಂಥ ದ್ರವದಿಂದ ಮುಚ್ಚುತ್ತದೆ. ಹೊರಗಿನಿಂದ ಕಾಳು ಚೆನ್ನಾಗಿಯೇ ಕಾಣುತ್ತದೆ. ಮರಿ ಒಳಗೇ ತಿಂದು, ಒಳಗೇ ಕೋಶವಾಗಿ (ಮರಿಗೂ ರೆಕ್ಕೆಯ ಹುಳಕ್ಕೂ ನಡುವಿನ, ಅಲುಗಾಡದ ಹಂತ), ರೆಕ್ಕೆ ಬಂದ ಮೇಲೆ ಕಾಳನ್ನು ಕೊರೆದು ಹೊರಬರುತ್ತದೆ. ಉಳಿದ ಪುಡಿ, ನುಚ್ಚು ಕೆಂಪು ಹುಳದ ಪಾಲು. ಗಟ್ಟಿಯಾದ ಇಡೀ ಕಾಳು ಕೆಂಪು ಹುಳದ ಹಲ್ಲಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅಂದರೆ ಇಲ್ಲಿ ಜಗಳಕ್ಕಿಂತ ಸರದಿಯೇ ಹೆಚ್ಚು.

ಹಿಟ್ಟಿನ ಡಬ್ಬದಲ್ಲಿ ಹಾಗಲ್ಲ. ಚಿಕಾಗೊ ವಿಶ್ವವಿದ್ಯಾಲಯದ ಥಾಮಸ್ ಪಾರ್ಕ್ ಎರಡು ಜಾತಿಯ ಹಿಟ್ಟಿನ ಹುಳಗಳನ್ನು ಒಟ್ಟಿಗೆ ಸಾಕಿದಾಗ ಕೊನೆಗೆ ಒಂದೇ ಜಾತಿ ಉಳಿಯಿತು. 1954ರ ಅವರ ವರದಿಯಂತೆ, 34 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 70 ತೇವಾಂಶ ಇದ್ದಲ್ಲಿ ಗೆದ್ದದ್ದು ನಮ್ಮ ಕೆಂಪು ಹುಳ. 24 ಡಿಗ್ರಿ, ಶೇ. 30 ತೇವಾಂಶದಲ್ಲಿ ಗೆದ್ದದ್ದು ಅದರ ದಾಯಾದಿ. ನಡುವಿನ ಹವೆಯಲ್ಲಿ ಯಾವುದು ಗೆಲ್ಲುತ್ತದೆಂದು ಖಚಿತವಾಗಿ ಹೇಳುವಂತಿರಲಿಲ್ಲ. ಸೋಲಿಗೆ ಹಸಿವೊಂದೇ ಕಾರಣವಲ್ಲ: ಈ ಹುಳಗಳು ಸಿಕ್ಕ ಮೊಟ್ಟೆ, ಕೋಶಗಳನ್ನೇ ತಿಂದುಬಿಡುತ್ತವೆ, ತಮ್ಮದೋ ಪರರದೋ ನೋಡುವುದಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಹಿಡಿಸುವುದು 1940ರ ದಶಕದಲ್ಲಿ ಪ್ರಾಣಿಶಾಸ್ತ್ರಜ್ಞ ಕ್ರಾಂಬಿ ಮಾಡಿದ ಪ್ರಯೋಗ. (ಈತ ಆಮೇಲೆ ಕೀಟ ಬಿಟ್ಟು ವಿಜ್ಞಾನದ ಇತಿಹಾಸ ಬರೆಯಲು ಹೋದರು.) ಹಿಟ್ಟಿನ ಹುಳದ ಜೊತೆ, ಎದೆಯಂಚು ಗರಗಸದಂತಿರುವ ಸಣ್ಣ ಹುಳವೊಂದನ್ನು ಬಿಟ್ಟರೆ ಸಣ್ಣದು ನಾಶವಾಗುತ್ತಿತ್ತು. ಕ್ರಾಂಬಿ ಹಿಟ್ಟಿನೊಳಗೆ ಸಪೂರ ಗಾಜಿನ ಕೊಳವೆಗಳನ್ನು ಇಟ್ಟರು. ಸಣ್ಣದು ಅದರೊಳಗೆ ನುಸುಳಿ ಕೋಶ ಕಟ್ಟಿತು, ದೊಡ್ಡದಕ್ಕೆ ಒಳಗೆ ಹೋಗಲಾಗಲಿಲ್ಲ. ಎರಡೂ ಉಳಿದವು. ಆಹಾರ ಒಂದು ಚಿಟಿಕೆಯೂ ಹೆಚ್ಚಿರಲಿಲ್ಲ!

ಮನೆಯ ಅಕ್ಕಿಗೆ ಬಂದರೆ, ಬರೀ ಕೆಂಪು ಹುಳ ಇದ್ದರೆ ಜರಡಿ ಹಿಡಿದು ನುಚ್ಚು, ಪುಡಿ ತೆಗೆಯುವುದೇ ಅರ್ಧ ಕೆಲಸ. ಮೂತಿ ಹುಳ ಇದ್ದರೆ ಒಮ್ಮೆ ಜರಡಿ ಹಿಡಿದು ಸುಮ್ಮನಾಗಬೇಡಿ. ಕಾಳಿನೊಳಗಿನ ಮರಿಗಳು ಜರಡಿಗೆ ಸಿಗುವುದಿಲ್ಲ. ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಕ್ಕೆ ತುಂಬಿ, ಕೆಲವು ವಾರ ಬಿಟ್ಟು ಮತ್ತೆ ತೆರೆದು ನೋಡಿ.