ಕೆಮಿಸ್ಟ್ರಿ ಡಿಗ್ರಿಗೆ ಹಾಕಿದ ದುಡ್ಡು ವಾಪಸ್ ಬರುತ್ತದೆಯೇ?

ಪ್ರಶ್ನೆ: ಮಗಳಿಗೆ ರಸಾಯನಶಾಸ್ತ್ರ ಅಂದರೆ ಪ್ರಾಣ. ಸಾಲ ಮಾಡಿ ಓದಿಸಿದರೆ ಮುಂದೆ ಅಷ್ಟು ಸಂಪಾದನೆ ಇದೆಯೇ? ಕೆಮಿಸ್ಟ್‌ಗಳ ಸರಾಸರಿ ಸಂಬಳ ಚೆನ್ನಾಗಿದೆ ಎಂದು ಓದಿದ್ದೇನೆ.

ಉತ್ತರ: ರಿಸಲ್ಟ್ ಬಂದ ಮರುದಿನದಿಂದ ಇದೇ ಪ್ರಶ್ನೆ ಶುರುವಾಗುತ್ತದೆ. ಎಷ್ಟೋ ಸಲ ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತೇನೆ. ಸಾಲ ಮಿತಿಯಲ್ಲಿದ್ದು, ಓದುವಾಗಲೇ ಲ್ಯಾಬಿನ ಕೆಲಸ ಕೈಗೆ ಹತ್ತಿದರೆ ದುಡ್ಡು ವಾಪಸ್ ಬರುತ್ತದೆ. ಆದರೆ ಆ ‘ಸರಾಸರಿ ಸಂಬಳ’ವನ್ನು ನಂಬಿ ಸಾಲಕ್ಕೆ ಸಹಿ ಹಾಕಬೇಡಿ. ಲೆಕ್ಕ ಹಾದಿ ತಪ್ಪುವುದೇ ಅಲ್ಲಿ.

ಒಂದು ಕಂಪನಿಯಲ್ಲಿ ಹತ್ತು ಜನ ಕೆಮಿಸ್ಟ್‌ಗಳಿದ್ದಾರೆ ಎಂದುಕೊಳ್ಳಿ. ಏಳು ಮಂದಿಗೆ ತಿಂಗಳಿಗೆ (ಸಾವಿರ ರೂಪಾಯಿಗಳ ಲೆಕ್ಕದಲ್ಲಿ) 20, ಇಬ್ಬರು ಸೀನಿಯರ್‌ಗಳಿಗೆ 40, ವಿಭಾಗದ ಮುಖ್ಯಸ್ಥರಿಗೆ 180. ಒಟ್ಟು 400, ಸರಾಸರಿ 40. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಹತ್ತರಲ್ಲಿ ಏಳು ಜನ ಮನೆಗೆ ಒಯ್ಯುವುದು ಆ ಸರಾಸರಿಯ ಅರ್ಧ ಮಾತ್ರ. ನಿಮ್ಮ ಮಗಳು ಮೊದಲ ದಿನ ಹೋಗಿ ನಿಲ್ಲುವುದು ಆ ಏಳು ಜನರ ಸಾಲಿನಲ್ಲಿ. ಎಲ್ಲರ ಸಂಬಳವನ್ನೂ ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ನೋಡಿ: 20. ನೀವು ಕೇಳಬೇಕಾದದ್ದು ಆ ನಡುವಿನ ಸಂಖ್ಯೆಯನ್ನು, ಅದರಲ್ಲೂ ಹೊಸದಾಗಿ ಸೇರಿದವರದ್ದನ್ನು.

ಇನ್ನೂ ಒಂದು ತೊಡಕಿದೆ. ಆ 180 ಪಡೆಯುವವರ ಬಳಿ ಬರೀ ಪದವಿಯಲ್ಲ, ಪಿಎಚ್‌ಡಿಯೂ ಇರಬಹುದು, ಇಪ್ಪತ್ತು ವರ್ಷದ ಅನುಭವವೂ ಇರಬಹುದು. ಅವರ ಸಂಬಳವನ್ನು ತಂದು ಮೂರು-ನಾಲ್ಕು ವರ್ಷದ ಡಿಗ್ರಿಯ ಬೆಲೆ ಎಂದು ತೋರಿಸಿದರೆ ಅದು ಮೋಸ. ಅತ್ತ, ಕೆಮಿಸ್ಟ್ರಿ ಓದಿ ಪೇಟೆಂಟ್ ಕೆಲಸಕ್ಕೋ, ಉಪಕರಣ ಮಾರಾಟಕ್ಕೋ, ಸಾಫ್ಟ್‌ವೇರ್‌ಗೋ ಹೋದವರು ‘ಕೆಮಿಸ್ಟ್’ ಎಂಬ ಹುದ್ದೆಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಹುದ್ದೆಯ ಸರಾಸರಿ ಬೇರೆ, ಪದವಿಯ ಫಲ ಬೇರೆ.

ಇದನ್ನು ಹೇಳಿದ ಕೂಡಲೇ ಯಾರಾದರೂ ಕೃತಕ ಬಣ್ಣದಿಂದ ಶ್ರೀಮಂತನಾದ ಬ್ರಿಟಿಷ್ ಕೆಮಿಸ್ಟ್ ವಿಲಿಯಂ ಪರ್ಕಿನ್ ಕಥೆ ತೆಗೆಯುತ್ತಾರೆ. ನಿಜ, 1856ರಲ್ಲಿ, 18ರ ಹರೆಯದಲ್ಲಿ, ಮಲೇರಿಯಾ ಔಷಧ ಕ್ವಿನೈನ್ ಮಾಡಲು ಹೋದವನಿಗೆ ನೇರಳೆ ಬಣ್ಣ ಸಿಕ್ಕಿತು. 36ನೇ ವಯಸ್ಸಿಗೆ ವ್ಯವಹಾರ ಮಾರಿ ಮತ್ತೆ ಸಂಶೋಧನೆಗೆ ಕೂರುವಷ್ಟು ಗಳಿಸಿದ. ಆದರೆ ಬಣ್ಣದ ಕಾರ್ಖಾನೆ ಕಟ್ಟಲು ದುಡ್ಡು ಹಾಕಿದ್ದು ಅವನ ತಂದೆ. ಅದು ಬಂಡವಾಳದ ಮೇಲೆ ಬಂದ ಲಾಭ. ಅದನ್ನು ಸಂಬಳದ ಲೆಕ್ಕಕ್ಕೆ ಎಳೆದು ತರಬೇಡಿ.

ಇನ್ನು ಖರ್ಚು. ಫೀಸು, ಸಾಲದ ಬಡ್ಡಿ ಎಲ್ಲರೂ ಬರೆಯುತ್ತಾರೆ. ಓದುವ ವರ್ಷಗಳಲ್ಲಿ ದುಡಿದಿದ್ದರೆ ಬರುತ್ತಿದ್ದ ಸಂಬಳವನ್ನು ಬಿಡುತ್ತಾರೆ, ಅದನ್ನೂ ಸೇರಿಸಿ. ಊಟದ ಖರ್ಚನ್ನು ಪೂರ್ತಿ ಸೇರಿಸಬೇಡಿ, ಓದದಿದ್ದರೂ ಉಣ್ಣಲೇಬೇಕು. ಸ್ನಾತಕೋತ್ತರ ಓದಿಗೂ ಇದೇ ಲೆಕ್ಕವನ್ನು ಹೊಸದಾಗಿ ಹಾಕಿ. ಪಿಎಚ್‌ಡಿಗೆ ಮಾತ್ರ ಸಾಲ ಮಾಡಬೇಡಿ. ರಸಾಯನಶಾಸ್ತ್ರದಲ್ಲಿ ಶಿಷ್ಯವೇತನ ಕೊಟ್ಟು ಪಿಎಚ್‌ಡಿ ಮಾಡಿಸುವ ಕಡೆಗಳು ಸಾಕಷ್ಟಿವೆ.

ಹಾಗಾದರೆ 20ರಿಂದ 40ಕ್ಕೆ ಏರುವವರು ಯಾರು? ಔಷಧ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ಎಚ್‌ಪಿಎಲ್‌ಸಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಮುಂದೆ ಕೂತ ಹೊಸಬರನ್ನು ನೋಡಿ. ದ್ರಾವಣ ಬೆರೆಸು, ಸೋಸು, ಸ್ಯಾಂಪಲ್ ಹಾಕು, ಗ್ರಾಫ್ ತೆಗೆ. ಬರೆದಿಟ್ಟ ವಿಧಾನದಂತೆ ಇದನ್ನು ಮಾಡಲು ಕೆಲವು ತಿಂಗಳಲ್ಲಿ ಯಾರಾದರೂ ಕಲಿಯುತ್ತಾರೆ. ಒಂದು ದಿನ ಆರನೇ ನಿಮಿಷಕ್ಕೆ ಬರಬೇಕಾದ ಪೀಕ್ (ಔಷಧ ಹೊರಬಂದದ್ದನ್ನು ತೋರಿಸುವ ಗ್ರಾಫಿನ ಶಿಖರ) ಐದೂಕಾಲಿಗೇ ಬಂದುಬಿಡುತ್ತದೆ. ಒಬ್ಬರು ಮತ್ತೆ ಅದೇ ಸ್ಯಾಂಪಲ್ ಹಾಕಿ ಕಾಯುತ್ತಾರೆ. ಇನ್ನೊಬ್ಬರು ಬಫರ್‌ನ ಪಿಎಚ್ (ಆಮ್ಲೀಯತೆಯ ಮಟ್ಟ) ಅಳೆಯುತ್ತಾರೆ, ಕಾಲಮ್‌ನ (ಅಂಶಗಳು ಬೇರ್ಪಡುವ ಕೊಳವೆಯ) ಉಷ್ಣತೆ ನೋಡುತ್ತಾರೆ, ದ್ರಾವಣದ ಪ್ರಮಾಣ ಪರೀಕ್ಷಿಸುತ್ತಾರೆ. ಔಷಧದ ಪಿಕೆಎಗೆ (ಅದರ ಅರ್ಧದಷ್ಟು ಅಣುಗಳು ಅಯಾನುಗಳಾಗಿರುವ ಪಿಎಚ್ ಮಟ್ಟಕ್ಕೆ) ಹತ್ತಿರದಲ್ಲಿ ಪಿಎಚ್ ಒಂದಿಷ್ಟು ಸರಿದರೂ ಅಣುವಿನ ಅಯಾನೀಕರಣ ಬದಲಾಗಿ ಪೀಕ್ ಜರುಗುತ್ತದೆ ಎಂಬುದು ಅವರಿಗೆ ಗೊತ್ತು. ಡಿಗ್ರಿ ಸಂಬಳವಾಗುವುದು ಈ ಎರಡನೆಯವರಿಗೆ. ನನ್ನ ವಿದ್ಯಾರ್ಥಿಗಳಲ್ಲಿ ಹೀಗೆ ಕಾರಣ ಹುಡುಕುವವರನ್ನು ಕಂಡಾಗ ನನಗೆ ಆಗುವ ಹೆಮ್ಮೆ ರ್‍ಯಾಂಕ್ ಪಟ್ಟಿ ನೋಡಿ ಆಗುವುದಿಲ್ಲ.

ಇದರಿಂದ ಹುಟ್ಟುವ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಕಾಲೇಜಿನ ಲ್ಯಾಬನ್ನು ಅಳೆಯುವುದು ಹೇಗೆ? ಫೀಸು ಕಟ್ಟುವ ಮೊದಲು ಕೊನೆಯ ವರ್ಷದ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕ ಕೇಳಿ ನೋಡಿ. ಟೈಟ್ರೇಷನ್ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ) ರೀಡಿಂಗ್‌ಗಳು ಇಡೀ ಬ್ಯಾಚಿಗೆ ಒಂದೇ ಇದ್ದರೆ ಅವು ನಕಲು; ನಿಜವಾದ ಬ್ಯುರೆಟ್ (ಹನಿ ಬಿಡುವ ಅಳತೆಯ ನಳಿಕೆ) ಇಬ್ಬರ ಕೈಯಲ್ಲಿ ಸದಾ ಒಂದೇ ಅಂಕಿ ಕೊಡುವುದಿಲ್ಲ. ಗ್ರಾಫ್ ಅಂಟಿಸಿದ್ದರೆ ಅದನ್ನು ತೆಗೆದವರು ಯಾರೆಂದು ಕೇಳಿ. ‘ಸರ್ ತೋರಿಸಿದ್ದರು’ ಎಂದರೆ ಉಪಕರಣ ಇದ್ದೂ ಮಕ್ಕಳ ಕೈಗೆ ಸಿಕ್ಕಿಲ್ಲ ಎಂದರ್ಥ. ಯಾವ ಪ್ರಯೋಗ ಕೆಟ್ಟಿತ್ತು, ಯಾಕೆ ಕೆಟ್ಟಿತು ಎಂದೂ ಕೇಳಿ. ಇಬ್ಬರು-ಮೂವರು ವಿದ್ಯಾರ್ಥಿಗಳಾದರೂ ತಡವರಿಸದೆ ಹೇಳಿದರೆ ಅಲ್ಲಿ ಫೀಸು ಕಟ್ಟಬಹುದು.